ರೋಗಿಗಳ ಎಣ್ಣೆ ಕಾಫಿ ಲೋಟಕ್ಕೆ ಬಂದ ಕಥೆ

ಈಚೆಗೆ ಎಂಸಿಟಿ ಎಣ್ಣೆಯ ಬಾಟಲಿಗಳು ಆನ್‌ಲೈನ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿವೆ. ಬೆಳಗಿನ ಕಾಫಿಗೆ ಒಂದು ಚಮಚ ಹಾಕಿಕೊಂಡರೆ ತೂಕ ಇಳಿಯುತ್ತದೆ, ಬುದ್ಧಿ ಚುರುಕಾಗುತ್ತದೆ ಎಂಬ ಪ್ರಚಾರ ಬೇರೆ. "ತೆಂಗಿನೆಣ್ಣೆಯೇ ತಾನೆ, ನಮಗೇನು ಹೊಸದು?" ಎನ್ನುವವರೂ ಇದ್ದಾರೆ. ಆದರೆ ಇದು ತೆಂಗಿನೆಣ್ಣೆಯೂ ಅಲ್ಲ, ತೂಕ ಇಳಿಸಲೆಂದು ಹುಟ್ಟಿದ್ದೂ ಅಲ್ಲ.

ಎಂಸಿಟಿ ಎಂದರೆ ಮೀಡಿಯಂ ಚೈನ್ ಟ್ರೈಗ್ಲಿಸರೈಡ್, ಮಧ್ಯಮ ಉದ್ದದ ಸರಪಳಿಯ ಕೊಬ್ಬು. 8 ಇಂಗಾಲದ ಕ್ಯಾಪ್ರಿಲಿಕ್ ಮತ್ತು 10 ಇಂಗಾಲದ ಕ್ಯಾಪ್ರಿಕ್ ಆಮ್ಲಗಳು ಇದರ ಮುಖ್ಯ ಅಂಶಗಳು. ಲ್ಯಾಟಿನ್ ಭಾಷೆಯಲ್ಲಿ 'ಕಾಪ್ರಾ' ಎಂದರೆ ಮೇಕೆ. ಆ ವಾಸನೆಯಿಂದಲೇ ಈ ಹೆಸರುಗಳು ಬಂದವು. ತೆಂಗಿನೆಣ್ಣೆಯಲ್ಲಿ ಇವೆರಡೂ ಸೇರಿ ನೂರಕ್ಕೆ ಸುಮಾರು 15 ಪಾಲು ಮಾತ್ರ. ಅದರ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ.

1950ರ ದಶಕದಲ್ಲಿ ಅಮೆರಿಕದ ಡ್ರೂ ಕೆಮಿಕಲ್ ಕಂಪನಿಯ ವಿಜ್ಞಾನಿ ವಿಜೆನ್ ಬಬಯಾನ್ ತೆಂಗಿನೆಣ್ಣೆಯಿಂದ ಈ ಚಿಕ್ಕ ಆಮ್ಲಗಳನ್ನು ಬೇರ್ಪಡಿಸಿ, ಗ್ಲಿಸರಿನ್ ಜೊತೆ ಮತ್ತೆ ಕೂಡಿಸಿ ಹೊಸ ಎಣ್ಣೆಯನ್ನು ರೂಪಿಸಿದರು. ಸಾಮಾನ್ಯ ಜಿಡ್ಡು ಜೀರ್ಣವಾಗಲು ಪಿತ್ತರಸ ಬೇಕು. ಈ ಎಣ್ಣೆಗೆ ಅದರ ಹಂಗು ಕಡಿಮೆ, ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಹಾಗಾಗಿ ಕೊಬ್ಬನ್ನು ಹೀರಿಕೊಳ್ಳಲಾಗದೆ ಸೊರಗುತ್ತಿದ್ದ ರೋಗಿಗಳಿಗೆ ವೈದ್ಯರು ಇದನ್ನು ಕೊಡತೊಡಗಿದರು.

ಎರಡನೆಯ ಅಧ್ಯಾಯ ಅಪಸ್ಮಾರದ ಮಕ್ಕಳದು. ಉಪವಾಸವಿದ್ದಾಗ ಫಿಟ್ಸ್ ಕಡಿಮೆಯಾಗುವುದನ್ನು ಕಂಡು, 1921ರಲ್ಲಿ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಕೀಟೋಜೆನಿಕ್ ಆಹಾರವನ್ನು ಸೂಚಿಸಿದರು. ಆದರೆ ಬಹುಪಾಲು ಬೆಣ್ಣೆ, ಕೆನೆಗಳದೇ ಆದ ಆ ಊಟ ಮಕ್ಕಳಿಗೆ ಹಿಡಿಸುವುದು ಕಷ್ಟ. 1938ರಲ್ಲಿ ಫೆನಿಟೋಯಿನ್ ಔಷಧ ಬಂದ ಮೇಲೆ ಪಥ್ಯ ಹಿಂದೆ ಸರಿಯಿತು. 1971ರಲ್ಲಿ ಪೀಟರ್ ಹುಟನ್‌ಲೋಕರ್ ಎಂಸಿಟಿ ಎಣ್ಣೆಯನ್ನು ಇಲ್ಲಿಗೆ ತಂದರು. ಇದು ಬೇಗ ಕೀಟೋನ್ ಕೊಡುವುದರಿಂದ ಮಗುವಿಗೆ ಸ್ವಲ್ಪ ಹೆಚ್ಚು ಅನ್ನ, ಹಣ್ಣು ಕೊಡಲು ಸಾಧ್ಯವಾಯಿತು. ಆದರೆ ಶಕ್ತಿಯ ನೂರಕ್ಕೆ 60 ಪಾಲು ಈ ಎಣ್ಣೆಯಿಂದಲೇ ಬಂದಾಗ ಹೊಟ್ಟೆನೋವು, ಭೇದಿ ಕಾಡಿದವು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಅದನ್ನು 30ಕ್ಕೆ ಇಳಿಸಿದ ಕ್ರಮ ರೂಪುಗೊಂಡಿತು.

2008ರಲ್ಲಿ ಲಂಡನ್ನಿನ ವೈದ್ಯರು 145 ಮಕ್ಕಳ ಅಧ್ಯಯನ ಪ್ರಕಟಿಸಿದರು. ಮೂರು ತಿಂಗಳಲ್ಲಿ, ಪಥ್ಯ ಮಾಡಿದವರಲ್ಲಿ ನೂರಕ್ಕೆ 38 ಮಕ್ಕಳ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಪಥ್ಯವಿಲ್ಲದವರಲ್ಲಿ ನೂರಕ್ಕೆ 6 ಮಕ್ಕಳದು ಮಾತ್ರ. ಈ ಅಂಕಿಗಳ ಹಿಂದೆ ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿ ತುತ್ತನ್ನೂ ಗ್ರಾಂ ಲೆಕ್ಕದಲ್ಲಿ ತೂಗಿದ ತಾಯಂದಿರ ದುಡಿಮೆ ಇದೆ. ವೈದ್ಯಕೀಯ ಇತಿಹಾಸ ಅವರ ಹೆಸರುಗಳನ್ನು ಬರೆದಿಡಲಿಲ್ಲ.

ಅದೇ ಎಣ್ಣೆ ಈಗ ತೆಳ್ಳಗಾಗುವ ಆಸೆಯ ಸರಕಾಗಿದೆ. ಒಂದು ಗ್ರಾಂನಲ್ಲಿ 8.3 ಕ್ಯಾಲೊರಿ ಇದೆ. ಊಟದ ಮೇಲೆ ಇದನ್ನೂ ಸೇರಿಸಿದರೆ ತೂಕ ಇಳಿಯುವುದೆಲ್ಲಿ? ದೇಹಕ್ಕೆ ಅಗತ್ಯವಾದ ಲಿನೋಲಿಕ್ ಆಮ್ಲ ಇದರಲ್ಲಿಲ್ಲ. ಬೇಗ ಹೊಗೆಯಾಡುವುದರಿಂದ ಒಗ್ಗರಣೆಗೂ ಒಗ್ಗದು. ಮಧುಮೇಹ, ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮನೆಯಲ್ಲಿ ಫಿಟ್ಸ್ ಬರುವ ಮಗುವಿದ್ದರೆ ಜಾಹೀರಾತು ನಂಬಿ ಮಾತ್ರೆ ನಿಲ್ಲಿಸಲೇಬಾರದು.

ಸೋದರಿಯರೇ, ತೂಗಿ ಅಳೆದು ಕೊಟ್ಟಾಗ ಔಷಧವಾದ ಎಣ್ಣೆಯಿದು. ಬಾಟಲಿ ಕೊಳ್ಳುವ ಮುನ್ನ ಆ ತಾಯಂದಿರ ತಕ್ಕಡಿಯನ್ನೊಮ್ಮೆ ನೆನೆಯೋಣ.