ಕೋಲಾರದ ಧೂಳು, ಕಾರ್ಮಿಕನ ಉಸಿರು

ಪಡುಬಿದ್ರಿಯಲ್ಲಿ ಗಾಳಿಯ ಮಾತೆತ್ತಿದರೆ ಚರ್ಚೆ ಬೇಗನೆ ಪಕ್ಕದ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದತ್ತ ತಿರುಗುತ್ತದೆ. ಊರಿನ ಗಾಳಿ ಹೇಗಿದೆ ಎಂದು ನಾವೆಲ್ಲ ಕೇಳುತ್ತೇವೆ. ಧೂಳಿನ ನಡುವೆ ನಿಂತು ದುಡಿಯುವವರು ಉಸಿರಾಡುವ ಗಾಳಿ ಹೇಗಿದೆ ಎಂದು ಕೇಳುವುದು ಕಡಿಮೆ. ಇವು ಎರಡು ಬೇರೆ ಪ್ರಶ್ನೆಗಳೆಂದು ನನಗೆ ಮನದಟ್ಟಾದದ್ದು ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಓದುವಾಗ.

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. ಚಿನ್ನ ಅಡಗಿದ್ದ ಬೆಣಚುಕಲ್ಲನ್ನು ಕೊರೆದಾಗ ಏಳುವ ಸಿಲಿಕಾ ಧೂಳಿನಲ್ಲಿ ಅತಿ ಸಣ್ಣ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಅವು ಶ್ವಾಸಕೋಶದ ಆಳಕ್ಕಿಳಿದು ಅದನ್ನು ಗಡುಸಾಗಿಸುತ್ತವೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ. 1940ರಿಂದ 1946ರವರೆಗೆ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡಿತು.

ಎಕ್ಸ್‌ರೇ ಹೇಳುವುದು ಆಗಿಹೋದ ಹಾನಿಯನ್ನು. ಹಾನಿಗೆ ಮೊದಲೇ ಎಚ್ಚರಿಸಬೇಕಾದರೆ ಗಾಳಿಯನ್ನೇ ಅಳೆಯಬೇಕು. ಅದೂ ಎಲ್ಲೋ ಕಂಬದ ಮೇಲಿಟ್ಟ ಪೆಟ್ಟಿಗೆಯಿಂದಲ್ಲ. ಸಲಿಕೆ ಹಿಡಿದವನ ಮುಖದ ಬಳಿಯ ಧೂಳು ಹತ್ತು ಮಾರು ಆಚೆ ಇರುವುದಕ್ಕಿಂತ ಎಷ್ಟೋ ದಟ್ಟವಾಗಿರಬಹುದು. 1960ರಲ್ಲಿ ಬ್ರಿಟನ್ನಿನ ಶೆರ್ವುಡ್ ಮತ್ತು ಗ್ರೀನ್‌ಹಾಲ್ಗ್ ಮೈಮೇಲೆ ಧರಿಸಬಹುದಾದ ಮಾದರಿ ಸಂಗ್ರಾಹಕವನ್ನು ಪ್ರಕಟಿಸಿದರು. ಸೊಂಟದಲ್ಲೊಂದು ಪುಟ್ಟ ಪಂಪು, ಕೊರಳಪಟ್ಟಿಯ ಬಳಿ ಒಂದು ಶೋಧಕ. ಪಾಳಿ ಮುಗಿದ ಮೇಲೆ ಶೋಧಕವನ್ನು ತೂಗಿ, ಅದರಲ್ಲಿರುವ ಸಿಲಿಕಾವನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿಯುತ್ತಾರೆ. ಆ ಕ್ಷಣದ ಅಳತೆ ತೋರಿಸುವ ಯಂತ್ರ ಜೊತೆಗಿದ್ದರೆ ಧೂಳು ಹೆಚ್ಚಿದ ಕೂಡಲೇ ಕೆಲಸ ನಿಲ್ಲಿಸಿ ನೀರು ಸಿಂಪಡಿಸಬಹುದು.

ಇದೆಲ್ಲ ಈಗೇಕೆ? ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆದರೆ ಅದಿರನ್ನು ಪುಡಿಮಾಡಿ, ಸಯನೈಡ್ ದ್ರಾವಣದಿಂದ ಚಿನ್ನ ತೆಗೆದು ಚೆಲ್ಲಿದ ಮಣ್ಣು 'ಸಯನೈಡ್ ದಿಬ್ಬ'ಗಳಾಗಿ ಉಳಿದಿದೆ. ಸುಮಾರು 3.3 ಕೋಟಿ ಟನ್ನಿನ ಆ ರಾಶಿಯಲ್ಲಿ ಇನ್ನೂ ಚಿನ್ನದ ಅಂಶವಿದೆ. 13 ದಿಬ್ಬಗಳಲ್ಲಿ ಮತ್ತೆ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ದಿಬ್ಬದ ಹೆಸರಿನಲ್ಲಿರುವ ಸಯನೈಡ್ ಎಲ್ಲರನ್ನೂ ಹೆದರಿಸುತ್ತದೆ. ಬಿಸಿಲು, ಗಾಳಿಗೆ ಅದು ಕಾಲಕ್ರಮೇಣ ಒಡೆಯುತ್ತದೆ. ಆದರೂ ಅಗೆಯುವಲ್ಲಿ ಅದರ ಅನಿಲವನ್ನು ಅಳೆಯಲೇಬೇಕು. ಸಿಲಿಕಾ ಹಾಗೆ ಒಡೆಯುವುದಿಲ್ಲ. ನೂರು ವರ್ಷದ ಹಿಂದೆ ಪುಡಿಯಾದ ಕಲ್ಲು ಇಂದೂ ಕಲ್ಲಿನ ಪುಡಿಯೇ.

ಆದ್ದರಿಂದ ಅಗೆತದ ಕರಾರಿನಲ್ಲಿ ನಾನು ಮೊದಲು ಹುಡುಕುವುದು ಚಿನ್ನದ ಅಂದಾಜನ್ನಲ್ಲ. ಗುತ್ತಿಗೆಯ ದಿನಗೂಲಿಗಳೂ ಸೇರಿ ಎಷ್ಟು ಮಂದಿಯ ಕೊರಳಪಟ್ಟಿಗೆ ಶೋಧಕ ಬೀಳುತ್ತದೆ? ಅದರ ಲೆಕ್ಕ ಅವರಿಗೆ ಓದಲು ಬರುವ ಭಾಷೆಯಲ್ಲಿ ಅವರ ಕೈ ಸೇರುತ್ತದೆಯೇ? 1940ರ ದಶಕದಲ್ಲಿ ಲೆಕ್ಕ ಸಿಕ್ಕಿದ್ದು ಕಾಯಿಲೆ ಬಿದ್ದವರ ಎದೆಯೊಳಗಿನಿಂದ. ಈ ಬಾರಿ ಅದು ಗಾಳಿಯಿಂದಲೇ, ಮೊದಲ ದಿನದಿಂದಲೇ ಸಿಗಬೇಕು.