ಸೀಲ್‌ಗಳ ಬಂಡೆ ದುಂಡುಗಲ್ಲಾದ ಕಥೆ

ಮಕ್ಕಳೇ, ನಿಮ್ಮ ಅಜ್ಜಿಯ ಊರನ್ನು ಫೋನಿನ ನಕ್ಷೆಯಲ್ಲಿ ಎಂದಾದರೂ ಹುಡುಕಿದ್ದೀರಾ? ಊರಿನ ಹೆಸರು ಸಿಗಬಹುದು. ಆದರೆ ಅಜ್ಜಿ ಮಾತಿನ ನಡುವೆ ಹೇಳುವ "ಹುಣಸೇಮರದ ತಿರುವು", "ಮೇಲಿನ ಗದ್ದೆ", "ದನ ತೊಳೆಯೋ ಕಟ್ಟೆ" ಅಲ್ಲಿ ಇರುವುದಿಲ್ಲ. ಅವೆಲ್ಲ ಇರುವುದು ಅಜ್ಜಿಯ ನೆನಪಿನಲ್ಲಿ ಮಾತ್ರ. ಇಂಥ ಹೆಸರುಗಳನ್ನೇ ಹುಡುಕಿಕೊಂಡು ಊರೂರು ನಡೆದ ಒಬ್ಬ ನಕ್ಷೆಗಾರರ ಕಥೆ ಇದು. ಅವರ ಹೆಸರು ಟಿಮ್ ರಾಬಿನ್ಸನ್.

ಅವರು ಹುಟ್ಟಿದ್ದು 1935ರಲ್ಲಿ, ಇಂಗ್ಲೆಂಡಿನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿ, ಲಂಡನ್ನಿನಲ್ಲಿ ಚಿತ್ರಕಲಾವಿದರಾಗಿದ್ದರು. 1972ರಲ್ಲಿ ಹೆಂಡತಿ ಮಾರೇಡ್ ಜೊತೆ ಐರ್ಲೆಂಡಿನ ಪಶ್ಚಿಮ ಕರಾವಳಿಯ ಆರನ್ ದ್ವೀಪಗಳಿಗೆ ಬಂದು ನೆಲೆಸಿದರು. ಅಟ್ಲಾಂಟಿಕ್ ಸಾಗರದ ನಡುವೆ ಮೂರು ಪುಟ್ಟ ದ್ವೀಪಗಳು. ನೆಲವೆಲ್ಲ ಸುಣ್ಣಕಲ್ಲು. ಆ ಕಲ್ಲನ್ನು ಆರಿಸಿ ಆರಿಸಿ ಕಟ್ಟಿದ ಗೋಡೆಗಳ ಒಟ್ಟು ಉದ್ದವೇ ಸುಮಾರು 2,400 ಕಿಲೋಮೀಟರ್ ಎಂದು ಅಂದಾಜು. ಅಲ್ಲಿನ ಜನರ ಮನೆಮಾತು ಐರಿಶ್.

ಊರಿನ ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದ ಮಹಿಳೆಯೊಬ್ಬರು ಒಂದು ದಿನ, ಬರುವ ಪ್ರವಾಸಿಗರಿಗೆ ಒಂದು ಒಳ್ಳೆಯ ನಕ್ಷೆ ಬೇಕು, ನೀವೇ ಯಾಕೆ ಬರೆಯಬಾರದು ಎಂದು ಅವರನ್ನು ಕೇಳಿದರು. ಅಷ್ಟೇ ಸಾಕಾಯಿತು. ಮುಂದಿನ ಹಲವಾರು ವರ್ಷಗಳು ಆ ಕೆಲಸಕ್ಕೇ ಹೋದವು.

ಅಲ್ಲಿ ಅದಕ್ಕೆ ಮೊದಲು ನಕ್ಷೆ ಇರಲಿಲ್ಲವೇ? ಇತ್ತು. 1824ರಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರುಗಳು ಇಡೀ ಐರ್ಲೆಂಡನ್ನು ಅಳೆಯಲು ಶುರುಮಾಡಿದರು. ಒಂದು ಮೈಲಿಗೆ ಆರು ಅಂಗುಲದ ಲೆಕ್ಕದಲ್ಲಿ ಬಹಳ ನಿಖರವಾದ ನಕ್ಷೆಗಳು ತಯಾರಾದವು. ಊರ ಹೆಸರುಗಳನ್ನು ವಿಚಾರಿಸಲು ಜಾನ್ ಓಡೊನೊವನ್ ಅವರಂಥ ಐರಿಶ್ ವಿದ್ವಾಂಸರೂ ಇದ್ದರು. ಆದರೂ ನಕ್ಷೆಯಲ್ಲಿ ಅಚ್ಚಾದದ್ದು ಇಂಗ್ಲಿಷ್ ಕಿವಿಗೆ ಒಗ್ಗುವ ರೂಪ. ಅಳತೆ ಸರಿಯಾಗಿತ್ತು, ಅರ್ಥ ಮಾತ್ರ ಸೋರಿಹೋಗಿತ್ತು.

ಒಂದು ಉದಾಹರಣೆ ನೋಡಿ. ಕಾನಮಾರ ಎಂಬ ಕರಾವಳಿ ಸೀಮೆಯಲ್ಲಿ ಒಂದು ಊರಿನ ಐರಿಶ್ ಹೆಸರು "ಕ್ಲೊಖ್ ನ ರೋನ್". ಅಂದರೆ ಸೀಲ್‌ಗಳ ಬಂಡೆ. ಕಡಲ ಸೀಲ್‌ಗಳು ಮೈಚಾಚಿ ಮಲಗುವ ಬಂಡೆ ಎಂದು ಹೆಸರೇ ಚಿತ್ರ ಬರೆದು ತೋರಿಸುತ್ತದೆ. ಇಂಗ್ಲಿಷಿನವರಿಗೆ "ರೋನ್" ಎಂಬುದು "ರೌಂಡ್" ಎಂದು ಕೇಳಿಸಿತು. ಊರು "ರೌಂಡ್‌ಸ್ಟೋನ್" ಆಯಿತು. ಸೀಲ್‌ಗಳು ಮಾಯ, ಉಳಿದದ್ದು ದುಂಡುಗಲ್ಲು! ಅದೇ ಸೀಮೆಯಲ್ಲಿ "ಮುಕನಘೆಡರ್‌ಡೌಹಾಲಿಯಾ" ಎಂಬ ಊರಿದೆ. ಇಂಗ್ಲಿಷಿನಲ್ಲಿ ಬರೆದರೆ 22 ಅಕ್ಷರ, ಅರ್ಥ ಸೊನ್ನೆ. ಐರಿಶ್‌ನಲ್ಲಿ ಅದು "ಎರಡು ಉಪ್ಪುನೀರಿನ ಹಿನ್ನೀರಿನ ನಡುವಿನ ಹಂದಿಬೆನ್ನಿನ ದಿಬ್ಬ". ದಾರಿ ಕೇಳಿದವರಿಗೆ ಹೆಸರೇ ಗುರುತು ಹೇಳುತ್ತದೆ.

ರಾಬಿನ್ಸನ್ ಐರಿಶ್ ಕಲಿತರು. ಹಳೆಯ ಸರ್ವೆ ನಕ್ಷೆಯ ಪ್ರತಿಗಳನ್ನು ಹಿಡಿದು ಕಡಲ ದಂಡೆ, ಹೊಲದ ಬದು ಒಂದನ್ನೂ ಬಿಡದೆ ನಡೆದರು. ಎದುರಾದ ರೈತರನ್ನು, ಮೀನುಗಾರರನ್ನು, ಮುದುಕರನ್ನು ಕೇಳಿದರು: ಈ ಬಂಡೆಗೆ ಏನನ್ನುತ್ತೀರಿ? ಈ ಬಾವಿ ಯಾವ ಸಂತರದು? ಸಿಕ್ಕಿದ್ದನ್ನೆಲ್ಲ ನಕ್ಷೆಯ ಅಂಚಿನಲ್ಲಿ, ಟಿಪ್ಪಣಿ ಪುಸ್ತಕಗಳಲ್ಲಿ ಬರೆದುಕೊಂಡರು. ಆಮೇಲೆ ಕೈಯಿಂದಲೇ ಶಾಯಿಯಲ್ಲಿ ನಕ್ಷೆ ಬರೆದರು. 1975ರಲ್ಲಿ ಆರನ್ ದ್ವೀಪಗಳು, 1977ರಲ್ಲಿ ಬರೆನ್ ಎಂಬ ಸುಣ್ಣಕಲ್ಲಿನ ಸೀಮೆ, 1990ರಲ್ಲಿ ಕಾನಮಾರ. ನೆಲವನ್ನು ಅಳೆದವರೂ ಇಂಗ್ಲೆಂಡಿನವರೇ, ಹೆಸರುಗಳನ್ನು ಮರಳಿ ಕೂಡಿಸಿಕೊಟ್ಟವರೂ ಇಂಗ್ಲೆಂಡಿನವರೇ. ವ್ಯತ್ಯಾಸ ಇಷ್ಟೇ: ಎರಡನೆಯವರು ಮೊದಲು ಆ ಜನರ ಭಾಷೆ ಕಲಿತರು.

ಈ ಕಥೆ ನಮಗೂ ದೂರದ್ದಲ್ಲ. 1802ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಭಾರತದ ಮಹಾ ಸರ್ವೆ ಬೆಂಗಳೂರನ್ನು ಹಾದು ಮಂಗಳೂರಿನ ಕರಾವಳಿಯನ್ನು ಮುಟ್ಟಿತು. ಅದರ ಮುಖ್ಯಸ್ಥರಾಗಿದ್ದ ಜಾರ್ಜ್ ಎವರೆಸ್ಟ್, ಹೌದು, ಶಿಖರಕ್ಕೆ ಹೆಸರು ಬಂದದ್ದು ಅವರಿಂದಲೇ, 1829ರಲ್ಲಿ ಐರ್ಲೆಂಡಿಗೆ ಹೋಗಿ ಅಲ್ಲಿನ ಅಳತೆಯ ವಿಧಾನವನ್ನು ನೋಡಿ ಬಂದಿದ್ದರು. ಇಂಗ್ಲಿಷರ ಬಾಯಲ್ಲಿ ನಮ್ಮ ಮಡಿಕೇರಿ "ಮರ್ಕಾರಾ" ಆಯಿತು, ಶ್ರೀರಂಗಪಟ್ಟಣ "ಸೆರಿಂಗಪಟಂ" ಆಯಿತು. 2005ರಲ್ಲಿ ಐರಿಶ್ ಮಾತಾಡುವ ಸೀಮೆಗಳಲ್ಲಿ ಊರುಗಳ ಐರಿಶ್ ಹೆಸರುಗಳೇ ಅಧಿಕೃತವಾದವು. ಕರ್ನಾಟಕದಲ್ಲಿ 2014ರ ನವೆಂಬರ್ 1ರಂದು 12 ಊರುಗಳ ಹೆಸರು ಕನ್ನಡದ ರೂಪಕ್ಕೆ ಮರಳಿತು.

ಆದರೆ ಸರ್ಕಾರ ಸರಿಪಡಿಸಬಲ್ಲದ್ದು ಊರಿನ ಹೆಸರನ್ನು ಮಾತ್ರ. ಗದ್ದೆಯ ಹೆಸರು, ಬಂಡೆಯ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. ಕೇಳುವವರಿಲ್ಲದಿದ್ದರೆ ಅವು ಹೇಳುವವರ ಜೊತೆಗೇ ಹೋಗಿಬಿಡುತ್ತವೆ. ರಾಬಿನ್ಸನ್ ಮತ್ತು ಮಾರೇಡ್ 2020ರ ಕೋವಿಡ್ ಕಾಲದಲ್ಲಿ ಎರಡೇ ವಾರಗಳ ಅಂತರದಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಟಿಪ್ಪಣಿಗಳೂ ನಕ್ಷೆಗಳೂ ಗಾಲ್ವೇ ವಿಶ್ವವಿದ್ಯಾಲಯದ ಭಂಡಾರವನ್ನು ಸೇರಿದ್ದವು. ಹೇಳಿದ ಮುದುಕರು ಇಂದು ಇಲ್ಲ, ಅವರು ಹೇಳಿದ ಹೆಸರುಗಳು ಇವೆ.

ಆದ್ದರಿಂದ ಮಕ್ಕಳೇ, ಈ ವಾರ ಅಜ್ಜ ಅಜ್ಜಿಗೆ ವಿಡಿಯೋ ಕರೆ ಮಾಡಿದಾಗ ಒಂದು ಕಾಗದ, ಪೆನ್ಸಿಲ್ ಇಟ್ಟುಕೊಳ್ಳಿ. ಮನೆಯಿಂದ ಶಾಲೆಗೆ ಹೋಗುವ ದಾರಿ ಹೇಗಿತ್ತು ಎಂದು ಕೇಳಿ. ದಾರಿಯಲ್ಲಿ ಸಿಗುವ ಮರ, ಹಳ್ಳ, ಕಟ್ಟೆ, ಗುಡಿಗಳ ಹೆಸರನ್ನು ಅವರು ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆಯಿರಿ. ಕನ್ನಡ ಇನ್ನೂ ತಡವರಿಸುತ್ತಿದೆಯೇ? ಚಿಂತೆಯಿಲ್ಲ, ರಾಬಿನ್ಸನ್ ಐರಿಶ್ ಕಲಿಯಲು ತೊಡಗಿದಾಗ ಅವರಿಗೆ ಮೂವತ್ತೈದು ದಾಟಿತ್ತು! ಪೋಷಕರೇ, ಗೆರೆ ಸೊಟ್ಟಗಾದರೆ ತಿದ್ದಲು ಹೋಗಬೇಡಿ. ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ. ನಿಮಗೂ ಗೊತ್ತಿಲ್ಲದ ಒಂದು ಹೆಸರು ಸಿಕ್ಕೇ ಸಿಗುತ್ತದೆ.