ತಂತಿಯ ಪಕ್ಕದ ಪೇಟಿ: ಬೀದರ್ ಸೀಮೆಯ ಬೈಠಕ್ ಸಂಗೀತ ನಡೆದು ಬಂದ ದಾರಿ

ಪ್ರಾಗ್ ನಗರದ ಒಂದು ಮನೆಯಲ್ಲಿ 1878ರ ಹೊತ್ತಿಗೆ ಗೆಳೆಯರು ಸೇರಿ ಸಂಗೀತ ನುಡಿಸುತ್ತಿದ್ದರು. ಆ ಮನೆಯಲ್ಲಿ ಪಿಯಾನೊ ಇರಲಿಲ್ಲ, ಹಾರ್ಮೋನಿಯಂ ಇತ್ತು. ಇದ್ದುದರಲ್ಲೇ ಹಾಡು ಕಟ್ಟಬೇಕೆಂದು ಆಂಟೊನಿನ್ ಡ್ವೋರ್ಜಾಕ್ ಎರಡು ವಯೊಲಿನ್, ಒಂದು ಚೆಲ್ಲೊ, ಒಂದು ಹಾರ್ಮೋನಿಯಂಗೆಂದೇ ಐದು ಕಿರು ರಚನೆಗಳನ್ನು ಬರೆದ. ‘ಬಾಗಟೆಲ್ಸ್’ ಎಂಬ ಹೆಸರಿನ ಆ ಗುಚ್ಛವನ್ನು ಮೊದಲ ಸಲ ಕೇಳುವ ಉತ್ತರ ಕರ್ನಾಟಕದವರಿಗೆ ಒಂದು ಬೆರಗು ಕಾದಿರುತ್ತದೆ: ಯುರೋಪಿನ ರೊಮ್ಯಾಂಟಿಕ್ ಯುಗದ ಸಂಗೀತದೊಳಗಿಂದ ನಮ್ಮ ಭಜನೆಯ ಪೇಟಿಯ ದನಿ ಏಳುತ್ತದೆ.

ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ಪಿಯಾನೊ ಬೇರು ಬಿಡಲಿಲ್ಲ. ಇಲ್ಲಿಗೆ ಬಂದ ಕೀಲಿಮಣೆಯ ವಾದ್ಯ ಪೇಟಿ. ಆದರೆ ತಂತಿವಾದ್ಯವೂ ಕೀಲಿಮಣೆಯೂ ಒಂದು ಸಣ್ಣ ಕೋಣೆಯಲ್ಲಿ ಎದುರುಬದುರು ಕೂತಾಗ ಹುಟ್ಟುವ ಪ್ರಶ್ನೆ ವಿಯೆನ್ನಾದಲ್ಲೂ ಒಂದೇ, ಬೀದರಿನಲ್ಲೂ ಒಂದೇ. ಯಾರು ಯಾರಿಗೆ ಜಾಗ ಬಿಡಬೇಕು? ಈ ಸೀಮೆಯ ಸಂಗೀತದ ಐದಾರು ಶತಮಾನಗಳ ನಡೆಯನ್ನು ನಾನು ಈ ಒಂದು ಪ್ರಶ್ನೆ ಹಿಡಿದು ನೋಡುತ್ತೇನೆ.

ಯುರೋಪಿನವರು ಆ ಪ್ರಶ್ನೆಯನ್ನು ಎಷ್ಟು ಕಷ್ಟಪಟ್ಟು ಬಿಡಿಸಿಕೊಂಡರು ಎಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಪಿಯಾನೊದಲ್ಲಿ ಒತ್ತಿದ ಸ್ವರ ಆ ಕ್ಷಣದಿಂದಲೇ ಕರಗತೊಡಗುತ್ತದೆ. ವಯೊಲಿನ್ನಿನ ಸ್ವರ ಕಮಾನು ಎಳೆದಷ್ಟು ಹೊತ್ತು ನಿಲ್ಲುತ್ತದೆ, ಬೆಳೆಯುತ್ತದೆ, ಜಾರುತ್ತದೆ. ಈ ಎರಡು ಬೇರೆ ಜಾತಿಯ ದನಿಗಳನ್ನು ಸರಿಸಮ ಕೂರಿಸಿ ರಾಬರ್ಟ್ ಶೂಮನ್ 1842ರಲ್ಲಿ ತನ್ನ ಪಿಯಾನೊ ಕ್ವಿಂಟೆಟ್ ಬರೆದ. ಅದನ್ನು ಪಿಯಾನೊ ವಿದುಷಿಯಾದ ಹೆಂಡತಿ ಕ್ಲಾರಾಗೆ ಅರ್ಪಿಸಿದ. ಒಂದು ಪಿಯಾನೊ, ಎರಡು ವಯೊಲಿನ್, ಒಂದು ವಿಯೋಲ, ಒಂದು ಚೆಲ್ಲೊ ಎಂಬ ಮೇಳ ಅಲ್ಲಿಂದ ಗಟ್ಟಿಯಾಯಿತು. ಬ್ರಾಮ್ಸ್‌ನ ಎಫ್ ಮೈನರ್ ಕ್ವಿಂಟೆಟ್ ಇನ್ನೂ ಹೆಚ್ಚು ಅಲೆದಾಡಿತು. ಮೊದಲು ಅದು ತಂತಿವಾದ್ಯಗಳಿಗಷ್ಟೇ ಬರೆದ ಕೃತಿ. ಸಾಲದೆನಿಸಿ ಎರಡು ಪಿಯಾನೊಗಳ ಸೊನಾಟಾ ಆಯಿತು. ಅದೂ ಸಾಲದೆ 1864ರಲ್ಲಿ ಪಿಯಾನೊ ಮತ್ತು ತಂತಿಗಳ ಕೂಡುಕೃತಿಯಾಗಿ ನೆಲೆ ಕಂಡಿತು. ಬರೀ ತಂತಿಯಲ್ಲಿ ಬಲ ಸಾಲದು, ಬರೀ ಪಿಯಾನೊದಲ್ಲಿ ಬಿಸಿಯುಸಿರು ಸಾಲದು ಎಂಬುದು ಆ ಅಲೆದಾಟದ ಸಾರ. ಅಷ್ಟರಲ್ಲಿ ಕಬ್ಬಿಣದ ಚೌಕಟ್ಟು ಬಂದು ಪಿಯಾನೊದ ದನಿ ದೊಡ್ಡದಾಗುತ್ತಿತ್ತು, ಮನೆಯ ಸಂಗೀತ ಸಭಾಭವನಕ್ಕೆ ಹೊರಟಿತ್ತು. ವಾದ್ಯದ ದನಿ ಏರಿದಂತೆ ಕೋಣೆ ಬದಲಾಗುತ್ತದೆ, ಕೋಣೆ ಬದಲಾದಂತೆ ಸಂಗೀತವೂ ಬದಲಾಗುತ್ತದೆ. ಈ ಮಾತು ಮುಂದೆ ನಮ್ಮ ಊರುಗಳಿಗೂ ಬೇಕಾಗುತ್ತದೆ.

ಈಗ ಬೀದರಿಗೆ. ಬಹಮನಿ ಅರಸರು ಕಲಬುರಗಿಯಲ್ಲಿದ್ದಾಗಲೇ ಸಂಗೀತಕ್ಕೆ ಮೈಮರೆಯುತ್ತಿದ್ದರು. ಒಂದನೇ ಮಹಮ್ಮದ್ ಶಾಹ ದೆಹಲಿಯಿಂದ ಬಂದ ಮುನ್ನೂರು ಗಾಯಕರ ಸಂಭಾವನೆಯ ಹುಂಡಿಯನ್ನು ವಿಜಯನಗರದ ಖಜಾನೆಯ ಮೇಲೆ ಬರೆದನೆಂದೂ ಅದೇ ಯುದ್ಧಕ್ಕೆ ಕಾರಣವಾಯಿತೆಂದೂ ಇತಿಹಾಸಕಾರ ಫಿರಿಷ್ತಾ ಹೇಳುತ್ತಾನೆ. ಹದಿನೈದನೇ ಶತಮಾನದ ಮೂರನೇ ದಶಕದಲ್ಲಿ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ತಂದ. ಅವನ ಗೋರಿ ಇರುವ ಅಷ್ಟೂರಿನಲ್ಲಿ ಉರುಸು ಇಂದಿಗೂ ನಡೆಯುತ್ತದೆ; ಹಿಂದೂಗಳು ಅವನನ್ನು ಅಲ್ಲಮಪ್ರಭು ಎಂದೇ ನಂಬಿ ನಡೆದುಕೊಳ್ಳುತ್ತಾರೆ. ಆ ಮೇಲೆ ಬಂದ ಬರೀದ್ ಶಾಹಿಗಳಲ್ಲಿ ಅಲಿ ಬರೀದ್ (1543–1580) ಕೋಟೆಯೊಳಗಿನ ರಂಗೀನ್ ಮಹಲನ್ನು ಕೆತ್ತಿದ ಮರದ ಕಂಬಗಳಿಂದಲೂ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸದಿಂದಲೂ ಸಿಂಗರಿಸಿದ. ಅದರ ಅಳತೆಯನ್ನು ಕಣ್ಣಿನಿಂದ ನೋಡಿದರೆ ಸಾಕು: ಅದು ಸಾವಿರ ಜನರ ಸಭೆಗೆ ಕಟ್ಟಿದ ಜಾಗವಲ್ಲ, ಹತ್ತಾರು ಜನ ಹತ್ತಿರ ಕೂತು ಮಾತು, ಕವಿತೆ ಕೇಳಲು ತಕ್ಕ ಕೋಣೆ. ಕರ್ನಾಟಕದಲ್ಲಿ ಧ್ವನಿವರ್ಧಕವಿಲ್ಲದ ಬೈಠಕ್ಕಿಗೆ ಇಷ್ಟು ಒಪ್ಪುವ ಹಳೆಯ ಕೋಣೆ ಇನ್ನೊಂದು ನನಗೆ ಕಂಡಿಲ್ಲ.

1619ರಲ್ಲಿ ಬೀದರ್ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕೈಸೇರಿತು. ದಖ್ಖನಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದು ಹಾಡುಗಳನ್ನು ರಾಗಗಳ ಅಡಿಯಲ್ಲಿ ಜೋಡಿಸಿದ ಅರಸ ಅವನು. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟು ಅದನ್ನು ಮನುಷ್ಯರಂತೆ ಪ್ರೀತಿಸಿದ. ಆ ಕಾಲದ ದಖ್ಖನ್ನಿನಲ್ಲಿ ಸಂಗೀತವೆಂದರೆ ಕಂಠ ಮತ್ತು ತಂತಿ.

ಅರಮನೆಯ ಹೊರಗೂ ಹಾಗೆಯೇ. ಗುರು ನಾನಕರು ಹದಿನಾರನೇ ಶತಮಾನದ ಆರಂಭದಲ್ಲಿ ಬೀದರಿಗೆ ಬಂದರೆಂಬುದು ಸಿಖ್ ಪರಂಪರೆಯ ನಂಬಿಕೆ. ಜೊತೆಯಲ್ಲಿದ್ದವನು ರಬಾಬ್ ನುಡಿಸುವ ಮರ್ದಾನಾ. ಖಾಲ್ಸಾದ ಮೊದಲ ಐವರಾದ ಪಂಚಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಗುರುವಾಣಿಯನ್ನು ರಾಗಗಳ ಲೆಕ್ಕದಲ್ಲೇ ಜೋಡಿಸಿದ ಆ ಪರಂಪರೆ ಶತಮಾನಗಳ ಕಾಲ ರಬಾಬ್, ಸರಂದಾ, ತಾವೂಸ್, ದಿಲ್‌ರುಬಾ ಎಂಬ ತಂತಿವಾದ್ಯಗಳ ಮೇಲೆ ನಿಂತಿತ್ತು. ಇತ್ತ ಔರಾದ್, ಭಾಲ್ಕಿಗಳ ಹಳ್ಳಿಗಳಲ್ಲಿ ತತ್ವಪದಕಾರರ ಕೈಯಲ್ಲಿ ಏಕತಾರಿ ಇತ್ತು. ಭಾಲ್ಕಿ ಬಳಿಯ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಬರುವವರದು ಡಮರು, ಗಂಟೆಗಳ ಸದ್ದಿನ ಬೇರೆಯೇ ಲೋಕ.

ಜಿಲ್ಲೆಯ ಸಂಗೀತದ ದೊಡ್ಡ ಮನೆಯೆಂದರೆ ಹುಮನಾಬಾದ್ ಪಕ್ಕದ ಮಾಣಿಕನಗರ. ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದ ಕಟ್ಟಿದರು. ಅವರ ಸಕಲಮತ ಸಂಪ್ರದಾಯಕ್ಕೆ ಹಿಂದೂ–ಮುಸ್ಲಿಂ ಭೇದವಿರಲಿಲ್ಲ. ದತ್ತ ಜಯಂತಿಯ ಸಂಗೀತ ದರ್ಬಾರಿನಲ್ಲಿ ದೊಡ್ಡ ದೊಡ್ಡ ಹಿಂದುಸ್ತಾನಿ ಗಾಯಕರು ಪ್ರಭುವಿನ ಗದ್ದುಗೆಯ ಎದುರು ಕೂತು ಹಾಡುವುದು ಅಲ್ಲಿನ ಪದ್ಧತಿ. ಟಿಕೆಟ್ಟಿಲ್ಲ, ಮೊದಲ ಸಾಲು ಕೊನೆಯ ಸಾಲು ಎಂಬುದಿಲ್ಲ. ಕೇಳುಗರ ಚಪ್ಪಾಳೆಯನ್ನಲ್ಲ, ಒಂದು ಸನ್ನಿಧಿಯನ್ನು ಮುಂದಿಟ್ಟುಕೊಂಡು ಹಾಡುವಾಗ ಕಲಾವಿದರ ನಡೆಯೇ ಬದಲಾಗುತ್ತದೆ. ಈ ಸೀಮೆ ಶಾಸ್ತ್ರೀಯ ಸಂಗೀತಕ್ಕೆ ಕೊಟ್ಟ ಅತ್ಯಂತ ದೊಡ್ಡ ಕೊಡುಗೆ ಈ ಬಗೆಯ ಬೈಠಕ್ ಎಂದು ನನ್ನ ತೀರ್ಮಾನ.

ಇಷ್ಟರ ನಡುವೆ ಪೇಟಿ ಬಂತು. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನ್ 1840ರ ದಶಕದಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದಿದ್ದ. ಮಿಶನರಿಗಳ ಜೊತೆ ಹಡಗು ಹತ್ತಿದ್ದು ಕಾಲಲ್ಲಿ ತುಳಿಯುವ ವಾದ್ಯ. ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿಯೊತ್ತಿ ಇನ್ನೊಂದು ಕೈಯಲ್ಲಿ ನುಡಿಸುವ ಪೆಟ್ಟಿಗೆಯಾಗಿ ಒಗ್ಗಿಸಿದ್ದು ಕೋಲ್ಕತ್ತದ ದ್ವಾರಕಾನಾಥ ಘೋಷರು. ಬೀದರ್ ಸೀಮೆಗೆ ಬರಲು ಅದಕ್ಕೆ ಹಲವು ಬಾಗಿಲುಗಳಿದ್ದವು. ಅಮೆರಿಕದ ಮೆಥಡಿಸ್ಟ್ ಮಿಶನ್ ಬೀದರಿನಲ್ಲಿ ಆಸ್ಪತ್ರೆ, ಶಾಲೆಗಳ ಜೊತೆ ಕನ್ನಡ ಕ್ರೈಸ್ತ ಗೀತೆಗಳನ್ನೂ ತಂದಿತು. ಮರಾಠಿ ನಾಟಕ ಕಂಪನಿಗಳ ಹಾಡುಗಳಿಗೆ ಗಡಿ ಇರಲಿಲ್ಲ. ಈಗ ಮಹಾರಾಷ್ಟ್ರದಲ್ಲಿರುವ ಉದಗೀರ್, ನಿಲಂಗಾ ಕೂಡ 1956ರವರೆಗೆ ಬೀದರ್ ಜಿಲ್ಲೆಯವೇ. ಮರಾಠಿ ರಂಗದ ಗಾಯಕ–ನಟ ಬಾಲಗಂಧರ್ವರ ಮೇಳದಲ್ಲಿ ಆರ್ಗನ್ ಕೀಲಿಮಣೆ, ಖಾದರ್‌ಬಕ್ಷರ ಸಾರಂಗಿ, ಅಹಮದ್‌ಜಾನ್ ಥಿರಕ್ವಾರ ತಬಲಾ ಒಟ್ಟಿಗೆ ಕೂರುತ್ತಿದ್ದವು. ಕೀಲಿಯೂ ತಂತಿಯೂ ಸರಿಸಮ ಕೂತ ನಮ್ಮ ನಾಡಿನ ಅತ್ಯುತ್ತಮ ಮಾದರಿ ಅದು. ಶೂಮನ್ ಅದನ್ನು ಕೇಳಿದ್ದರೆ ತಲೆದೂಗುತ್ತಿದ್ದ.

ಆದರೆ ಆ ಸಮತೋಲ ಉಳಿಯಲಿಲ್ಲ. ಪೇಟಿಗೆ ಶ್ರುತಿ ಕೂಡಿಸುವ ಗೋಜಿಲ್ಲ, ಮಳೆ–ಬಿಸಿಲಿಗೆ ತಂತಿ ಸಡಿಲವಾಗುವ ಭಯವಿಲ್ಲ, ಆರು ತಿಂಗಳು ಕೂತರೆ ಭಜನೆಗೆ ಸಾಲುವಷ್ಟು ಕೈಗೆ ಹತ್ತುತ್ತದೆ. ಸಾರಂಗಿಗೆ ಮೂವತ್ತಕ್ಕೂ ಹೆಚ್ಚು ಅನುರಣನದ ತಂತಿಗಳು, ಉಗುರಿನ ಬುಡದಿಂದ ಒತ್ತಿ ನುಡಿಸುವ ನೋವು, ಹತ್ತಾರು ವರ್ಷಗಳ ತಾಲೀಮು. ಅದರ ಮೇಲೆ, ಹಾಡು–ಕುಣಿತವೇ ವೃತ್ತಿಯಾದ ತವಾಯಫರ ಜೊತೆ ನುಡಿಸುವವರೆಂದು ಸಾರಂಗಿಯವರಿಗೆ ಸಮಾಜ ಅಂಟಿಸಿದ ಅವಮಾನ ಬೇರೆ. ಕವ್ವಾಲಿಯಲ್ಲಿ ಸಾರಂಗಿಯ ಜಾಗಕ್ಕೆ ಪೇಟಿ ಬಂತು. ಗುರುದ್ವಾರಗಳಲ್ಲಿ ದಿಲ್‌ರುಬಾ, ತಾವೂಸ್ ಮೂಲೆ ಸೇರಿದವು. 1948ರಲ್ಲಿ ಬೀದರಿನ ನಾನಕ್ ಝೀರಾ ಗುರುದ್ವಾರ ಎದ್ದು ನಿಲ್ಲುವ ಹೊತ್ತಿಗೆ ದೇಶದ ಉದ್ದಗಲಕ್ಕೂ ಕೀರ್ತನೆಯೆಂದರೆ ಪೇಟಿ–ತಬಲಾ ಎಂದಾಗಿತ್ತು.

ಇದಕ್ಕೆ ವಿರೋಧ ಇರಲಿಲ್ಲವೆಂದಲ್ಲ. ಪೇಟಿಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲ, ಎರಡು ಕೀಲಿಗಳ ನಡುವಿನ ಸೂಕ್ಷ್ಮ ಶ್ರುತಿಗಳಿಲ್ಲ ಎಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. 1971ರವರೆಗೆ ಆ ಬಾಗಿಲು ಮುಚ್ಚಿಯೇ ಇತ್ತು. ಆಕ್ಷೇಪಣೆ ನಿಜ, ಶಿಕ್ಷೆ ಅತಿಯಾಯಿತು. ಬೆಳಗಾವಿಯ ರಾಮಭಾವು ಬಿಜಾಪುರೆಯವರ (1917–2010) ಬೆರಳುಗಳಲ್ಲಿ ಪೇಟಿ ಹೇಗೆ ಹಾಡುತ್ತಿತ್ತೆಂದು ಕೇಳಿದವರು ಅದನ್ನು ಪರದೇಶಿ ಪೆಟ್ಟಿಗೆ ಎನ್ನಲಾರರು. ಅವರಂಥವರು ಗಾಯಕರ ಉಸಿರಿನ ಹಿಂದೆ ಒಂದು ಕೂದಲೆಳೆ ದೂರದಲ್ಲಿ ನಡೆದು ತಂತಿಯ ಗುಣವನ್ನೇ ಕೀಲಿಯಿಂದ ಹೊರಡಿಸಿದರು.

ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೇ ಕುತ್ತು ಬಂದಿದ್ದಾಗ ಈ ಸೀಮೆಯಲ್ಲಿ ಕನ್ನಡ ಹಾಡನ್ನು ಉಳಿಸಿದ್ದು ಮಠ ಮತ್ತು ಪೇಟಿ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದ ಕತೆ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ವಚನ ಬಾಯಿಂದ ಬಾಯಿಗೆ ದಾಟಲು ರಾಗ ಬೇಕಿತ್ತು, ರಾಗ ಹಿಡಿದಿಡಲು ಹಳ್ಳಿಯಲ್ಲಿ ಸಿಗುವ ವಾದ್ಯ ಬೇಕಿತ್ತು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ವಚನವನ್ನು ಹಿಂದುಸ್ತಾನಿ ರಾಗಗಳಲ್ಲಿ ನೆಲೆಗೊಳಿಸಿದ ಮೇಲೆ ಅದೇ ಧಾಟಿ ಆಕಾಶವಾಣಿಯ ಮೂಲಕ ಹಳ್ಳಿ ಹಳ್ಳಿ ಮುಟ್ಟಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ತಯಾರು ಮಾಡಿದ ಅಂಧ ಕಲಾವಿದರು ಶ್ರಾವಣ ಮಾಸದ ಪುರಾಣ ಪ್ರವಚನಗಳಿಗೆ ಪೇಟಿ–ತಬಲಾ ಹೊತ್ತು ಉತ್ತರ ಕರ್ನಾಟಕದ ಉದ್ದಕ್ಕೂ ನಡೆದರು. ತಿಂಗಳಿಡೀ ಸಂಜೆ ನಡೆಯುವ ಆ ಪ್ರವಚನದಲ್ಲಿ ಸ್ವಾಮಿಗಳ ಮಾತು ನಿಂತಲ್ಲಿ ಪೇಟಿ ಎತ್ತಿಕೊಳ್ಳುತ್ತದೆ, ಪದ್ಯ ಬಂದಾಗ ತಗ್ಗುತ್ತದೆ. ನಮ್ಮ ಜನ ರಾಗದ ಕಿವಿ ಬೆಳೆಸಿಕೊಂಡದ್ದು ಅಲ್ಲಿ. ಹೀಗಾಗಿ ಪೇಟಿಯನ್ನು ದೂರುವ ಮನಸ್ಸು ನನಗಿಲ್ಲ. ಪುಟ್ಟರಾಜರು ವಯೊಲಿನ್ನನ್ನೂ ನುಡಿಸುತ್ತಿದ್ದರೆಂಬುದನ್ನು ಮಾತ್ರ ನೆನಪಿಸುತ್ತೇನೆ. ಗುರುವಿನ ಕೈಯಲ್ಲಿ ಎರಡೂ ಇದ್ದವು, ಶಿಷ್ಯಪರಂಪರೆ ಹೆಚ್ಚಾಗಿ ಒಂದನ್ನೇ ಊರಿಗೆ ತಂದಿತು.

ಇದೇ ಕಾಲದಲ್ಲಿ ಕರ್ನಾಟಕದ ತೆಂಕಣ ತುದಿಯಲ್ಲಿ ಬೇರೆಯೇ ಕತೆ ನಡೆಯಿತು. ಮೈಸೂರಿನ ಜಯಚಾಮರಾಜ ಒಡೆಯರು (1919–1974) ಪಿಯಾನೊ ಕಲಿತವರು. ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳ ನಡುವೆ ಇದ್ದ ರಷ್ಯದ ನಿಕೊಲಾಯ್ ಮೆಟ್ನರ್‌ನ ಸಂಗೀತ ಧ್ವನಿಮುದ್ರಣವಾಗಲೆಂದು ಅವರು 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿಗೆ ಹಣ ಕೊಟ್ಟರು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ತಿದ್ದುತ್ತಲೇ ಇದ್ದ ಪಿಯಾನೊ ಕ್ವಿಂಟೆಟ್ಟನ್ನು ಮೆಟ್ನರ್ ಮುಗಿಸಿದ್ದು 1949ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮೊದಲು. ರೊಮ್ಯಾಂಟಿಕ್ ಪಿಯಾನೊ ಸಂಗೀತದ ಕೊನೆಯ ಕೊಂಡಿಯೊಂದಕ್ಕೆ ಕನ್ನಡ ನಾಡಿನ ಹಣ ಆಸರೆಯಾಯಿತು; ಆದರೆ ಆ ಸಂಗೀತ ಹೈದರಾಬಾದ್ ಕರ್ನಾಟಕದತ್ತ ಹೆಜ್ಜೆ ಹಾಕಲಿಲ್ಲ. ಬೆಂಗಳೂರಿನಲ್ಲಿ ಪಿಯಾನೊ, ತಂತಿವಾದ್ಯಗಳ ಸಭೆಗಳಿಗೆ ಇಂದು ಸಂಸ್ಥೆಗಳಿವೆ, ಕೇಳುಗರಿದ್ದಾರೆ. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೊಮೀಟರ್.

ಇತ್ತೀಚಿನ ದಶಕಗಳ ಬಗ್ಗೆ ಹೆಚ್ಚು ಹೇಳಲು ಮನಸ್ಸು ಬಾರದು. ಪೇಟಿಯ ಜಾಗಕ್ಕೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂತು. ತಂಬೂರಿಯ ಜಾಗಕ್ಕೆ ಮೊಬೈಲಿನ ಆ್ಯಪ್ ಬಂತು. ಕೋಟೆಯಲ್ಲಿ ನಡೆಯುವ ಬೀದರ್ ಉತ್ಸವದಲ್ಲಿ ಸಿನಿಮಾ ಗಾಯಕರ ಬೃಹತ್ ಧ್ವನಿವರ್ಧಕಗಳಿರುತ್ತವೆ. ಬೀದರಿನ ಚನ್ನಬಸವ ಪಟ್ಟದ್ದೇವರ ರಂಗಮಂದಿರದಂಥ ಒಳಾಂಗಣದಲ್ಲೂ ಮೈಕಿಲ್ಲದೆ ಹಾಡುವುದನ್ನು ಯಾರೂ ಊಹಿಸುವುದಿಲ್ಲ. ಮೈಕು ಬಂದ ದಿನ ಪೇಟಿಯ ಒಡಲಿನ ಮೆಲುದನಿಯೂ ಹೋಯಿತು, ಸಾರಂಗಿಯ ಅನುರಣನವಂತೂ ಹೋಗಿಯೇ ಹೋಯಿತು.

ಒಂದು ಕಡೆಯಿಂದ ಮಾತ್ರ ಗಾಳಿ ತಿರುಗಿದೆ. 2022ರಲ್ಲಿ ಸಿಖ್ಖರ ಪರಮೋಚ್ಚ ಪೀಠವಾದ ಅಕಾಲ್ ತಖ್ತ್, ಅಮೃತಸರದ ಹರಿಮಂದಿರ ಸಾಹಿಬ್‌ನಲ್ಲಿ ಮೂರು ವರ್ಷಗಳೊಳಗೆ ಹಾರ್ಮೋನಿಯಂ ಬಿಟ್ಟು ಹಳೆಯ ತಂತಿವಾದ್ಯಗಳಿಗೆ ಮರಳಬೇಕೆಂದು ಸೂಚಿಸಿತು. ಸಿಖ್ ವಿದ್ವಾಂಸರಲ್ಲೇ ಇದಕ್ಕೆ ಒಪ್ಪದವರು ಇದ್ದಾರೆ; ನೂರು ವರ್ಷ ಕೀರ್ತನೆಯನ್ನು ಹೊತ್ತ ವಾದ್ಯವನ್ನು ಹೊರಗೆ ಹಾಕುವುದು ನನಗೂ ಸರಿ ಕಾಣದು. ಆದರೆ ಚರ್ಚೆಯಿಂದ ಒಳ್ಳೆಯದೇ ಆಗಿದೆ: ರಬಾಬ್, ದಿಲ್‌ರುಬಾ ಕಲಿಯುವ ಎಳೆಯರು ಮತ್ತೆ ಕಾಣತೊಡಗಿದ್ದಾರೆ. ಒಂದನ್ನು ಓಡಿಸಿ ಇನ್ನೊಂದನ್ನು ತರುವ ಬದಲು ಎರಡನ್ನೂ ಪಕ್ಕಪಕ್ಕ ಕೂರಿಸಿದರೆ ಬೀದರಿಗೆ ಹೊಸ ಸಂಗೀತವೇ ಸಿಕ್ಕೀತು.

ಅದಕ್ಕೆ ದೊಡ್ಡ ಹಣ ಬೇಡ. ಭಾಲ್ಕಿಯ ಮಠ, ಮಾಣಿಕನಗರದ ಸಂಸ್ಥಾನ, ನಾನಕ್ ಝೀರಾದ ಆಡಳಿತ, ಔರಾದಿನ ಅಮರೇಶ್ವರ ದೇವಸ್ಥಾನದ ಭಕ್ತರು, ಜಿಲ್ಲೆಯ ಕಾಲೇಜುಗಳು, ಇವರಲ್ಲಿ ಯಾರೇ ಆಗಲಿ ವರ್ಷಕ್ಕೊಂದು ಬೈಠಕ್ ಇಡಲಿ: ಐವತ್ತು ಜನ, ಮೈಕು ಇಲ್ಲ, ಒಂದು ಪೇಟಿ, ಅದರ ಪಕ್ಕ ಒಂದು ಸಾರಂಗಿ ಅಥವಾ ವಯೊಲಿನ್. ವಚನ ಹಾಡಲಿ, ಗುರುವಾಣಿಯ ಶಬದ್ ಹಾಡಲಿ, ಪ್ರಭುಗಳ ಪದ ಹಾಡಲಿ. ಸಂಗೀತ ಶಾಲೆ ನಡೆಸುವವರಲ್ಲಿ ನನ್ನದೊಂದೇ ಬಿನ್ನಹ: ಪೇಟಿ ಕಲಿಯಲು ಬರುವ ಮಕ್ಕಳಲ್ಲಿ ಕಿವಿ ಚುರುಕಾಗಿರುವ ಒಬ್ಬರ ಕೈಗಾದರೂ ಈ ವರ್ಷ ಕಮಾನು ಕೊಡಿ.